ರೋಗವಿಲ್ಲದ ಊರಿನ ದಾದಿ

ಗುಡ್ಡದ ಮೂಲನಿವಾಸಿಗಳಲ್ಲಿ ಓದಿ ದಾದಿಯಾದವಳು ಅವಳೊಬ್ಬಳೇ. ತರಬೇತಿ ಮುಗಿಸಿ ಸ್ವಂತ ಊರಿನ ಆರೋಗ್ಯಕೇಂದ್ರಕ್ಕೆ ಬಂದವಳು ಮಾಡಿದ ಮೊದಲ ಲೋಕೋಪಕಾರವೆಂದರೆ, ‘ಒಳಗೆ ರೋಗಿ ಮಾತ್ರ ಬರತಕ್ಕದ್ದು’ ಎಂಬ ಫಲಕವನ್ನು ಬಾಗಿಲಿಗೆ ತೂಗುಹಾಕಿದ್ದು. ರೋಗಿಯ ಗುಟ್ಟು ರೋಗಿಗೇ ಸೇರಿದ್ದೆಂದು ಗುರುಗಳು ಕಲಿಸಿದ್ದರು. ಗುರುವಾಕ್ಯವನ್ನು ಮೀರುವವಳಲ್ಲ ಅವಳು.

ಆದರೆ ಆ ಜನರಲ್ಲಿ ತನ್ನ ನೋವನ್ನು ತಾನೇ ಹೇಳಿಕೊಂಡರೆ ಜಂಬವೆನ್ನುತ್ತಾರೆ. ಒಬ್ಬನ ಬೇನೆಯನ್ನು ಅವನ ಹೆಂಡತಿಯೋ ಅಕ್ಕನೋ ಹೇಳಬೇಕು; ಅವನು ನೆಲ ನೋಡುತ್ತ ಕೂರಬೇಕು. ಇದು ಅವಳಿಗೆ ತಿಳಿಯದ್ದೇನಲ್ಲ. ಬಿಳಿಯುಡುಪು ತೊಟ್ಟ ದಿನವೇ ಹಳೆಯ ಸೀರೆಗಳೊಡನೆ ಅದನ್ನೂ ಮಡಿಸಿ ಪೆಟ್ಟಿಗೆಯಲ್ಲಿಟ್ಟಿದ್ದಳು, ಅಷ್ಟೆ.

“ಎಲ್ಲಿ ನೋವು?” ಎಂದು ವೈದ್ಯರು ಕೇಳುವರು. ರೋಗಿ ನೆಲ ನೋಡುವನು. “ಏನೂ ಇಲ್ಲ” ಎಂದು ವೈದ್ಯರು ಬರೆದುಕೊಳ್ಳುವರು. ಹೀಗೆ ವರ್ಷ ತುಂಬುವುದರೊಳಗೆ ಧನ್ವಂತರಿಯೂ ಕೈಕಟ್ಟಿ ಕೂರುವಷ್ಟು ಆರೋಗ್ಯ ಆ ಊರಿಗೆ ಪ್ರಾಪ್ತವಾಯಿತು! ಮೇಲಧಿಕಾರಿಗಳು ‘ರೋಗಮುಕ್ತ ಗ್ರಾಮ’ವೆಂಬ ಪ್ರಶಸ್ತಿಯನ್ನು ಸಾರಿದರು, ರೋಗವೇ ಇಲ್ಲದಲ್ಲಿ ಆಸ್ಪತ್ರೆಯೇಕೆಂದು ಕೇಂದ್ರವನ್ನು ಬೇರೆಡೆಗೆ ಸಾಗಿಸಲು ಅಪ್ಪಣೆಯನ್ನೂ ಕೊಟ್ಟರು.

ಪ್ರಶಸ್ತಿ ಸಭೆಯ ಹಿಂದಿನ ಸಂಜೆ, ಸುದ್ದಿ ಹೇಳಲು ಸೋದರಮಾವನ ಮನೆಗೆ ಓಡಿದವಳಿಗೆ ಮೊದಲು ಕಂಡದ್ದು ಮಾವನ ಪಾದ. ಹುಣ್ಣು ಕಪ್ಪಿಟ್ಟು ನಾರುತ್ತಿತ್ತು.

“ಮಾವ, ಮೊನ್ನೆ ಆಸ್ಪತ್ರೆಗೆ ಬಂದಿದ್ರಲ್ಲ, ಯಾಕೆ ಹೇಳ್ಲಿಲ್ಲ?”

ಮಾವ ನೆಲ ನೋಡಿದ. ಅತ್ತೆ ಬಾಯಿ ತೆರೆದಳು: “ಅವರು ಹೇಗೆ ಹೇಳ್ತಾರೆ? ಹೇಳೋಕೆ ಬಂದವಳು ನಾನು. ಬಾಗಿಲಲ್ಲೇ ತಡೆದೋರು ಯಾರು ತಾಯಿ? ನೀನೇ ಅಲ್ವಾ! ನನಗೆ ಓದೋಕೆ ಬರಲ್ಲ ಅಂತ ಬೋರ್ಡು ಓದಿ ಬೇರೆ ಹೇಳಿದೆ, ಪುಣ್ಯಾತ್ಗಿತ್ತಿ!”

ದಾದಿಯ ಮುಖ ಹಿಡಿಯಷ್ಟಾಯಿತು. ಕೇಂದ್ರ ಹೋದರೆ ಈ ಕಾಲೂ ಹೋದಂತೆಯೇ.

ಮರುದಿನ ಸಭೆಯಲ್ಲಿ ಮುಂದೆಯೇ ಕುಳಿತಿದ್ದ ಮಾವನನ್ನು ಅಧಿಕಾರಿ ಕೇಳಿದರು: “ಯಜಮಾನರೇ, ಆರೋಗ್ಯವಾಗಿದ್ದೀರಾ?” ಮಾವ ನೆಲ ನೋಡಿದ. ಚಪ್ಪಾಳೆ ಬಿತ್ತು. ದಾದಿ ಎದ್ದು ನಿಂತಳು.

“ಅತ್ತೆ, ನೀವು ಹೇಳಿ.”

ಅತ್ತೆ ಪಾದದ ಕಥೆ ಹೇಳಿದಳು. ಪಕ್ಕದವಳು ಗಂಡನ ಕೆಮ್ಮನ್ನು ಹೇಳಿದಳು. ಬಳಿಕ ಕಟ್ಟೆಯೊಡೆದಂತೆ ಊರಿಗೆ ಊರೇ ಪರರ ನೋವನ್ನು ಬಣ್ಣಿಸತೊಡಗಿತು. ವೈದ್ಯರು ವೇದಿಕೆಯಿಂದಿಳಿದು ಮಾವನ ಪಾದಕ್ಕೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ನೋಡಿ, “ಇವತ್ತೇ ಕೊಯ್ದು ಶುಚಿ ಮಾಡಿದ್ರೆ ಕಾಲು ಉಳಿಯುತ್ತೆ” ಎಂದರು.

ಪ್ರಶಸ್ತಿ ಬಂದ ಜೀಪಿನಲ್ಲೇ ಹಿಂದಿರುಗಿತು. ಆಸ್ಪತ್ರೆ ಉಳಿಯಿತು, ಹೆಬ್ಬೆರಳೊಂದನ್ನು ಬಿಟ್ಟು ಮಾವನ ಕಾಲೂ ಉಳಿಯಿತು.

ಈಗ ಬಾಗಿಲಲ್ಲಿ ಫಲಕವಿಲ್ಲ. ಒಬ್ಬ ರೋಗಿಯ ಹಿಂದೆ ಒಂದು ಮನೆತನವೇ ಒಳನುಗ್ಗುತ್ತದೆ. ಮೊನ್ನೆ ಆ ಗದ್ದಲದ ನಡುವೆ ಹಣೆಯೊತ್ತಿಕೊಳ್ಳುತ್ತಿದ್ದ ದಾದಿಯನ್ನು ವೈದ್ಯರು ಕೇಳಿದರು: “ಏನಮ್ಮ, ತಲೆನೋವಾ?”

ಅವಳು ನೆಲ ನೋಡಿದಳು.

“ಹೌದು ಡಾಕ್ಟ್ರೇ,” ಎಂದಳು ಅತ್ತೆ. “ಬೆಳಗಿಂದ ತಲೆನೋವು ಪಾಪ. ನಾವು ಬಾಯಿ ಮುಚ್ತಾ ಇಲ್ವಲ್ಲ, ಅದಕ್ಕೇ.”