ಕಟಗೇರಿಯವರ ಧ್ವನಿ ತರಲು ಪುಣೆಗೆ

ಬಾಗಲಕೋಟೆಯಲ್ಲಿ ಬೆಳಗಿನ ಗಾಡಿ ಹತ್ತುವಾಗ ನನ್ನ ಹತ್ತಿರ ಎರಡು ಚೀಲಗಳಿದ್ದವು. ಒಂದರಲ್ಲಿ ಬಟ್ಟೆ, ಜೋಳದ ರೊಟ್ಟಿ, ಶೇಂಗಾ ಚಟ್ನಿ; ಇನ್ನೊಂದರಲ್ಲಿ ಟವೆಲ್ಲು ಸುತ್ತಿದ ಟೇಪ್‌ರೆಕಾರ್ಡರು. ಅದು ನನ್ನ ಅಳಿಯನದು. ಕೊಡುವಾಗ ಆತ ಹಸುಗೂಸನ್ನು ಕೊಟ್ಟಷ್ಟು ಎಚ್ಚರಿಕೆ ಹೇಳಿದ್ದ.

ತೊಂಬತ್ತರ ದಶಕ ಮುಗಿಯುತ್ತಿರುವ ಈ ಚಳಿಗಾಲದ ಮಾತಿದು. ಪುಣೆಯ ಧನಕವಡಿಯಲ್ಲಿದ್ದ ನಟ ಶಂಕ್ರಪ್ಪ ಕಟಗೇರಿಯವರ ಗಂಟಲಲ್ಲಿ ಗಡ್ಡೆಯಾಗಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದ್ದರು. ಆಪರೇಷನ್ನಿಗೆ ಮುಂಚೆ ಅವರ ಧ್ವನಿಯನ್ನು ಟೇಪಿನಲ್ಲಿ ಹಿಡಿದು ತರಬೇಕೆಂದು, ನಮ್ಮ ಹಳೆಯ ನಾಟಕ ಕಂಪನಿಯಲ್ಲಿ ಬದುಕುಳಿದವರೆಲ್ಲ ಕೂಡಿ ನನ್ನನ್ನು ಕಳಿಸಿದರು. ನಾನು ಆ ಕಂಪನಿಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದವನು. ಪೇಟಿಯ ಮನೆ ಒತ್ತಲು ಬರುವವನಿಗೆ ಟೇಪಿನ ಗುಂಡಿ ಒತ್ತಲು ಬರದೇ ಇರುತ್ತದೆಯೇ ಎಂಬುದು ಅವರ ಲೆಕ್ಕಾಚಾರ.

ವಿಜಾಪುರ ದಾಟಿ ಸೋಲಾಪುರ ಮುಟ್ಟುವ ಹೊತ್ತಿಗೆ ಆ ಸಣ್ಣ ಗಾಡಿ ನನ್ನ ಸೊಂಟ ಮುರಿದಿತ್ತು. ಅಲ್ಲಿ ಪುಣೆಯ ದೊಡ್ಡ ಗಾಡಿ ಹಿಡಿದೆ. ಎದುರಿಗೆ ಯಾದಗಿರಿ ಕಡೆಯ ಗೌಂಡಿಯೊಬ್ಬ ಕುಳಿತಿದ್ದ; ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೊರಟವನು. ಹೊರಗೆ ಕಬ್ಬಿನ ಹೊಲಗಳು ಹತ್ತಿದವು, ದೌಂಡ ಬಂತು. ಗಾಡಿ ಅಲ್ಲಿ ಬಹಳ ಹೊತ್ತು ನಿಂತಿತು. ಚಹಾ ಕುಡಿಯುತ್ತ ಟವೆಲ್ಲು ಬಿಚ್ಚಿದಾಗ ಅವನಿಗೆ ಟೇಪು ಕಂಡಿತು. ಹಾಡು ಹಚ್ಚಿರಿ ಎಂದ. ನಾನು ಹೊರಟ ಕಾರಣ ಹೇಳಿದೆ.

"ಮರಾಠಿ ಪಿಚ್ಚರ್‌ನ್ಯಾಗ ಪಾಟೀಲನ ಪಾರ್ಟ ಮಾಡ್ತಾರಲ್ರಿ, ದಪ್ಪ ಮೀಸಿ, ಅವರೇನ್ರಿ?" ಎಂದು ಎದ್ದೇ ನಿಂತ. ನಿಂತವನು ಪಾಟೀಲನ ಬೆದರಿಕೆಯ ಮಾತೊಂದನ್ನು ಮರಾಠಿಯಲ್ಲಿ, ತೆಳ್ಳಗೆ ಮೂಗಿನಿಂದ ಆಡಿ ತೋರಿಸಿದ. ಸುತ್ತಲಿನವರು ನಕ್ಕರು.

"ಅದು ಅವರ ಧ್ವನಿ ಅಲ್ಲೋ ತಮ್ಮಾ" ಎಂದೆ.

"ಬಾಯಿ ಅವರದ ಇತ್ತಲ್ರಿ ಮತ್ತ?"

"ಬಾಯಿ ಅವರದು. ಧ್ವನಿ ಬ್ಯಾರೆಯವರು ಕೊಟ್ಟಾರ."

ಅವನು ನನ್ನನ್ನು ನಂಬಲಿಲ್ಲ. ನಂಬಬೇಕಾದರೆ ಶಂಕ್ರಣ್ಣನ ಪೂರ್ತಿ ಬದುಕನ್ನೇ ಹೇಳಬೇಕಿತ್ತು. ಮೀಸೆ ಮೂಡುವ ಮೊದಲೇ ಕಂಪನಿ ಸೇರಿ, ಸೀರೆಯುಟ್ಟು ರಾಣಿಯ ಪಾರ್ಟಿನಿಂದ ಆರಂಭಿಸಿದವರು ಅವರು. ಗಂಟಲು ಒಡೆದ ಮೇಲೆ ರಾಜನಾದರು. ಮೈಕು ಇಲ್ಲದ ತಗಡಿನ ಥಿಯೇಟರಿನಲ್ಲಿ, ಹಿಂದೆ ನೆಲದ ಮೇಲೆ ಕುಳಿತವರಿಗೂ ಅವರ ಪಿಸುಮಾತು ಕೇಳುತ್ತಿತ್ತು. ಕಂಪನಿ ಮುಳುಗಿದ ಮೇಲೆ ಹೊಟ್ಟೆಪಾಡಿಗೆ ಪುಣೆ ಸೇರಿ ಸಿನಿಮಾಕ್ಕೆ ಬಣ್ಣ ಹಚ್ಚಿದರು. ಮರಾಠಿಯವರಿಗೆ ಅವರ ಮುಖ ಬೇಕಾಯಿತು, ಮಾತಿನಲ್ಲಿದ್ದ ಕನ್ನಡದ ಭಾರ ಬೇಡವಾಯಿತು. ಬೆಂಗಳೂರಿನ ಚಿತ್ರದವರು ಕರೆಸಿಕೊಂಡರು. ಅವರಿಗೆ ನಮ್ಮ ಕಡೆಯ ರಾಗ ಬೇಡವಾಯಿತು. ಎರಡೂ ಕಡೆ ಮತ್ತೊಬ್ಬರ ಗಂಟಲು. ನಾಟಕಗಳನ್ನಂತೂ ಯಾರೂ ಟೇಪು ಮಾಡಿರಲಿಲ್ಲ. ಕಡೆಕಡೆಗೆ ಪುಣೆಯಲ್ಲೇ ಖಡಕಿಯ ಕಾರ್ಖಾನೆಯ ಕನ್ನಡಿಗರಿಗೆ ನಾಟಕ ಕಲಿಸಿ ದಿನ ನೂಕಿದರು. ಇಷ್ಟು ವರ್ಷ ಗಂಟಲಿನ ಮೇಲೆ ಬದುಕಿದ ಮನುಷ್ಯನ ಧ್ವನಿ ಜಗತ್ತಿನಲ್ಲಿ ಎಲ್ಲಿಯೂ ಉಳಿದಿರಲಿಲ್ಲ. ಅದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಬರೆಯುವಾಗಲೂ ಬಂದಿದೆ.

ಪುಣೆ ನಿಲ್ದಾಣದಿಂದ ಧನಕವಡಿ ದೂರ. ರಿಕ್ಷಾದವನು ಮೀಟರಿನ ಮೇಲೆ ಇನ್ನಷ್ಟು ಕೇಳಿದ; ನನ್ನ ಹರಕು ಮರಾಠಿಯಲ್ಲಿ ಜಗಳ ಹೂಡಿ ಸೋತೆ. ಕಾತ್ರಜ ಗುಡ್ಡದ ಕಡೆಯಿಂದ ಗಾಳಿ ಕೊರೆಯುತ್ತಿತ್ತು. ಎರಡು ಕೋಣೆಯ ಮನೆಯ ಬಾಗಿಲಲ್ಲಿ ಶಂಕ್ರಣ್ಣನ ಹೆಂಡತಿ ನೀಲವ್ವ ನಿಂತಿದ್ದರು.

"ಬರ್ರಿ ಮಾಸ್ತರ, ಭಾಳ ದಣದೀರಿ. ನಾಳೆ ಮಧ್ಯಾಹ್ನ ದವಾಖಾನಿಗೆ ಸೇರಬೇಕಂತ. ಪುಣ್ಯಕ್ಕ ಇವತ್ತರೆ ಬಂದ್ರಿ" ಎಂದರು.

ಮರುದಿನ ಬೆಳಿಗ್ಗೆ ಶಂಕ್ರಣ್ಣ ಸ್ನಾನ ಮಾಡಿ, ವಿಭೂತಿ ಧರಿಸಿ, ಇಸ್ತ್ರಿಯ ಅಂಗಿ ತೊಟ್ಟು ನಿಂತರು. ಕುರ್ಚಿ ಕೊಟ್ಟರೆ ಒಲ್ಲೆ ಎಂದರು. ರಾಜನ ಪಾರ್ಟು ಕುಳಿತು ಆಡುವುದಲ್ಲವಂತೆ. ನಾನು ಟೇಪನ್ನು ಸ್ಟೂಲಿನ ಮೇಲೆ, ಅವರ ಮುಖದ ಹತ್ತಿರವೇ ಇಟ್ಟು ಗುಂಡಿ ಹುಡುಕುತ್ತಿದ್ದೆ. ಯಾವುದು ಒತ್ತಿತೋ, ಚಕ್ರ ತಿರುಗತೊಡಗಿತು. ಅಷ್ಟರಲ್ಲಿ ಅವರು ಹೆಂಡತಿಗೆ ಮೆಲ್ಲಗೆ ಏನೋ ಹೇಳಿದರು. ಅಡುಗೆಮನೆಯ ಬಾಗಿಲಲ್ಲಿದ್ದ ನೀಲವ್ವ ನಾಚಿಕೊಳ್ಳುತ್ತ ಬಂದು ಎದುರಿನ ಚಾಪೆಯ ಮೇಲೆ ಕುಳಿತರು.

ಇದು ಸಣ್ಣ ಮಾತಲ್ಲ. ನಮ್ಮ ಕಂಪನಿಯಲ್ಲಿ ಬಿಡಾರದ ಹೆಂಗಸರು ಜನರ ನಡುವೆ ಕುಳಿತು ನಾಟಕ ನೋಡುವಂತಿರಲಿಲ್ಲ. ಮಾಲೀಕರ ಕಟ್ಟಪ್ಪಣೆ. ಅಡುಗೆ ಮುಗಿಸಿ ಬಂದು ಪಕ್ಕದ ಪರದೆಯ ಸಂದಿಯಲ್ಲಿ ನಿಂತು ನೋಡಬೇಕು. ನೀಲವ್ವ ಅಷ್ಟು ವರ್ಷ ನೋಡಿದ್ದು ಗಂಡನ ಒಂದು ಕೆನ್ನೆಯನ್ನು ಮಾತ್ರ. ಸಿನಿಮಾದಲ್ಲಿ ಇಡೀ ಮುಖ ಕಂಡಿತು, ಧ್ವನಿ ಪರರದ್ದಾಗಿತ್ತು.

ಶಂಕ್ರಣ್ಣ ಬಾಯಿ ತೆರೆದರು. ಗಂಟಲು ಕಟ್ಟಿತ್ತು, ಆದರೂ ಆ ಸಣ್ಣ ಕೋಣೆಯ ಕಿಟಕಿ ಗಾಜು ಅದುರಿತು. ಮಗನನ್ನು ಕಳೆದುಕೊಂಡ ರಾಜನ ಮಾತುಗಳನ್ನು ಅವರು ಧನಕವಡಿಯ ಓಣಿ ದಾಟುವಂತೆ ಎತ್ತಿದರು. ಮೆಲ್ಲಗೆ ಎಂದು ನಾನು ಕೈ ಮಾಡಿದೆ.

"ನಾಳೆ ಕೊಯ್ದು ಒಗೆಯೋದನ್ನ ಇವತ್ತ್ಯಾಕ ಜ್ವಾಪಾನ ಮಾಡ್ಲಿ ಮಾಸ್ತರ?" ಎಂದು ಮತ್ತೆ ಏರಿದರು. ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಮುಗಿದ ಮೇಲೆ ಒಮ್ಮೆ ಹಚ್ಚಿ ಕೇಳೋಣವೆಂದೆ. ಶಂಕ್ರಣ್ಣ ತಡೆದರು. ಪರದೆ ಬಿದ್ದ ಮೇಲೆ ಆ ದಿನದ ಪಾರ್ಟಿನ ಮಾತನ್ನು ಯಾರೂ ಎತ್ತಬಾರದು ಎಂಬುದು ಕಂಪನಿಯ ರೂಢಿ. ನಾನೂ ಅದೇ ಕಂಪನಿಯ ಅನ್ನ ಉಂಡವನು, ಹೌದೆಂದು ಟವೆಲ್ಲು ಸುತ್ತಿಟ್ಟೆ.

ಆಪರೇಷನ್ನು ಸುಸೂತ್ರವಾಯಿತು. ಅವರನ್ನು ವಾರ್ಡಿಗೆ ತಂದ ಮೇಲೆ ನೋಡಲು ಹೋದೆ. ಅದೇ ದಿನ ನನ್ನ ವಾಪಸು ಗಾಡಿ. ಕುತ್ತಿಗೆಯಲ್ಲಿ ನಳಿಕೆ, ಮೀಸೆ ಬೋಳಿಸಿದ ಮುಖ. ನನ್ನನ್ನು ಕಂಡು ಕೈಯೆತ್ತಿ ಟೇಪು ಹಚ್ಚು ಎಂದು ಸನ್ನೆ ಮಾಡಿದರು. ಪರದೆ ಬಿದ್ದು ಕೆಲವು ದಿನವಾಯಿತಲ್ಲ, ಇನ್ನು ರೂಢಿಯ ಅಡ್ಡಿಯಿಲ್ಲ ಎಂದುಕೊಂಡು ಒಂದಿಷ್ಟು ಹಿಂದಕ್ಕೆ ಸುತ್ತಿ ಹಚ್ಚಿದೆ.

ಬರೀ ಗರಗರ. ತಗಡು ಹರಿದಂತೆ ಸದ್ದು. ರಾಜನೂ ಇಲ್ಲ, ಮಗನ ಸಾವೂ ಇಲ್ಲ. ಥಿಯೇಟರಿನ ಹಿಂದಿನ ಗೋಡೆಗೆ ಮುಟ್ಟುವಂತೆ ಮಾತಾಡಲು ಕಲಿತ ಗಂಟಲು ಮೊಳದೂರದ ಪುಟ್ಟ ಮೈಕಿನ ಮುಂದೆ ನಿಂತರೆ ಏನಾದೀತೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಆಡಿದ್ದಷ್ಟೂ ಒಡೆದುಹೋಗಿತ್ತು. ಕ್ಯಾಸೆಟ್ಟು ತಿರುವಿದೆ, ಮುಂದೆ ಓಡಿಸಿದೆ, ಎಲ್ಲ ಕಡೆ ಅದೇ. ಶಂಕ್ರಣ್ಣ ಗೋಡೆಯ ಕಡೆ ಮುಖ ತಿರುಗಿಸಿದರು. ಅವರ ಮುಂದೆ ಅಳಬಾರದೆಂದು ತುಟಿ ಕಚ್ಚಿ ಹಿಡಿದೆ.

"ಮೊದಲಿಂದ ಹಚ್ಚರಿ" ಎಂದರು ನೀಲವ್ವ.

ಪೂರ್ತಿ ಹಿಂದಕ್ಕೆ ಸುತ್ತಿ ಹಚ್ಚಿದೆ. ಗರಗರ ಹುಟ್ಟುವ ಮೊದಲು ತಿಳಿಯಾಗಿ, ಬಗಲಲ್ಲೇ ಕುಳಿತು ಆಡಿದಂತೆ ಆ ಮಾತು ಬಂತು: "ನೀಲಾ, ಅಲ್ಲ್ಯಾಕ ಬಾಗಿಲ ಸಂದ್ಯಾಗ ನಿಂತಿ? ಬಾ, ಎದುರಿಗೆ ಕೂಡು. ಇನ್ನ ಯಾವ ಮಾಲಕಂದು ಅಂಜಿಕಿ? ಪೂರಾ ಕಾಣ್ತೀನಿಲ್ಲೋ?"

ನೀಲವ್ವ ಟೇಪನ್ನು ನನ್ನ ಕೈಯಿಂದ ತೆಗೆದುಕೊಂಡರು. ಹಿಂದಕ್ಕೆ ಸುತ್ತುವ ಗುಂಡಿ ಯಾವುದೆಂದು ಕೇಳಿದರು, ತೋರಿಸಿದೆ.

"ಊರಾಗ ಎಲ್ಲಾರೂ ಕಾಯಾಕತ್ತಾರ ವೈನಿ" ಎಂದೆ, ಅರೆಮನಸ್ಸಿನಿಂದ.

"ಊರಿನವರು ಭಾಳ ಕೇಳ್ಯಾರ ತಗೋರಿ" ಎಂದರು. ತಲೆ ಎತ್ತಲಿಲ್ಲ.

ನಾನು ಮತ್ತೆ ಕೇಳಲಿಲ್ಲ. ಹೋದ ಕೆಲಸ ಏನಾಯಿತೆಂದು ಕೇಳುವ ನಮ್ಮ ಕಂಪನಿಯವರಿಗೆಲ್ಲ ಈ ಬರಹವೇ ಉತ್ತರ. ಅಳಿಯನಿಗೆ ಹೊಸ ಟೇಪ್‌ರೆಕಾರ್ಡರು ಕೊಡಿಸುತ್ತೇನೆ.

ಚೀಲ ಹೆಗಲಿಗೇರಿಸಿ ವಾರ್ಡಿನ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದೆ. ಶಂಕ್ರಣ್ಣ ಗೋಡೆಯಿಂದ ಈಚೆ ಹೊರಳಿದ್ದರು. ನೀಲವ್ವ ಮಂಚದ ಎದುರಿಗೆ ಸ್ಟೂಲು ಎಳೆದುಕೊಂಡು ಕುಳಿತು, ಟೇಪನ್ನು ಮಡಿಲಲ್ಲಿಟ್ಟು ಗುಂಡಿ ಒತ್ತಿದರು. "ನೀಲಾ" ಎಂದಿತು ಟೇಪು. ಶಂಕ್ರಣ್ಣನ ತುಟಿಗಳು ಅದರೊಂದಿಗೇ ಅಲುಗಿದವು, ಒಂದಕ್ಷರ ಹಿಂದೆ ಬೀಳದೆ, ಕೊನೆಯ ಮಾತಿನವರೆಗೆ.