ಕ್ಯಾಮೆರಾದ ಕಣ್ಣಿಗೆ ಕುಂಕುಮ

ಇದು ಕಳೆದ ವರ್ಷದ ಅವರೆಕಾಯಿ ಕಾಲದಲ್ಲಿ ನಡೆದದ್ದು. ಶನಿವಾರ ಎಂದು ನನ್ನ ನೆನಪು, ಆದರೆ ಡೈರಿಯಲ್ಲಿ ಭಾನುವಾರದ ಪುಟದಲ್ಲಿ ಬರೆದಿದ್ದೇನೆ. ಮುಂದೆ ಹೇಳುವುದರಲ್ಲೂ ಇಂಥ ತಪ್ಪುಗಳಿರಬಹುದು. ಯಾರು ಮೊದಲು ಮಾತಾಡಿದರು, ಅಮ್ಮ ಉಟ್ಟ ಸೀರೆ ನೀಲಿಯೋ ಬೂದಿಯೋ, ಇವನ್ನೆಲ್ಲ ಆಣೆ ಮಾಡಿ ಹೇಳಲಾರೆ. ಒಂದು ಮಾತು ಮಾತ್ರ ಅಕ್ಷರಕ್ಕೆ ಅಕ್ಷರ ಸರಿಯಾಗಿದೆ. ಅದನ್ನು ಬರೆಯುವ ಮೊದಲು ಮೂರು ಸಲ ಕೇಳಿಸಿಕೊಂಡಿದ್ದೇನೆ.

ನಾನು ನೆಲಮಂಗಲದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮನೆ ಅರಿಶಿನಕುಂಟೆಯಲ್ಲಿ. ಮಕ್ಕಳು ಏನೇ ಬರೆದು ತಂದರೂ "ಇದಕ್ಕೆ ಆಕರ ಎಲ್ಲಿ?" ಎಂದು ಕೇಳುವುದು ನನ್ನ ಅಭ್ಯಾಸ. ಈ ಅಭ್ಯಾಸಕ್ಕೂ ಡೈರಿ ಬರೆಯುವ ಚಟಕ್ಕೂ ಕಾರಣ ಒಂದು ಟ್ರ್ಯಾಕ್ಟರ್.

ನನಗೆ ಆರು ವರ್ಷವಾಗಿದ್ದಾಗ ತ್ಯಾಮಗೊಂಡ್ಲು ಹತ್ತಿರದ ನಮ್ಮ ರಾಗಿ ಹೊಲದಲ್ಲಿ ಅಜ್ಜಿಗೆ ಹಾವು ಕಚ್ಚಿತು. ಆಗ ಮನೆಯಲ್ಲಿ ಇದ್ದ ಗಾಡಿ ಎಂದರೆ ಟ್ರ್ಯಾಕ್ಟರ್ ಒಂದೇ. ಅಪ್ಪ ಅಜ್ಜಿಯನ್ನು ಟ್ರೇಲರಿನಲ್ಲಿ ಮಲಗಿಸಿ, ನೆಲಮಂಗಲದ ಆಸ್ಪತ್ರೆಗೆ ಟ್ರ್ಯಾಕ್ಟರ್ ಓಡಿಸಿಕೊಂಡು ಹೋಗಿ ಜೀವ ಉಳಿಸಿದರು. ನಮ್ಮ ಮನೆತನದ ದೊಡ್ಡ ಕಥೆ ಇದು. ಅಪ್ಪ ಅದನ್ನು ಪ್ರತಿ ಮದುವೆಯಲ್ಲೂ ಹೇಳುತ್ತಾರೆ. ಮದುವೆಯಿಂದ ಮದುವೆಗೆ ರಸ್ತೆಯ ಗುಂಡಿಗಳು ಜಾಸ್ತಿಯಾಗುತ್ತಾ ಬಂದಿವೆ.

ನನ್ನ ನೆನಪು ಬೇರೆ. ಅವತ್ತು ನಾನೂ ಟ್ರೇಲರಿನಲ್ಲಿದ್ದೆ. ಅಪ್ಪ ಅಜ್ಜಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದಲ್ಲೇ ಕೂತು ನಡುಗುತ್ತಿದ್ದರು. ಮುಂದೆ ಸ್ಟೇರಿಂಗ್ ಹಿಡಿದ ಕೈಗಳಲ್ಲಿ ಹಸಿರು ಗಾಜಿನ ಬಳೆಗಳಿದ್ದವು.

ಪಿಯುಸಿಯಲ್ಲಿದ್ದಾಗ ಒಂದು ಮದುವೆ ಊಟದ ಪಂಕ್ತಿಯಲ್ಲಿ ಬಾಯಿ ತಡೆಯದೆ ಕೇಳಿಬಿಟ್ಟೆ. "ಅಪ್ಪಾ, ಅವತ್ತು ಓಡಿಸಿದ್ದು ಅಮ್ಮ ಅಲ್ವಾ?"

ಎಲೆ ಮುಂದೆ ಕೂತವರೆಲ್ಲ ನಕ್ಕರು. "ನಿಂಗೇನಮ್ಮ ಗೊತ್ತು? ಆರು ವರ್ಷದ ಕೂಸು," ಎಂದರು ಅಪ್ಪ. ನಾನು ಅಮ್ಮನ ಮುಖ ನೋಡಿದೆ. ಸಾರು ಬಡಿಸುತ್ತಿದ್ದ ಅಮ್ಮ ಸೌಟು ನಿಲ್ಲಿಸಲೂ ಇಲ್ಲ. "ಅವ್ಳಿಗೆ ಆಗ ಜ್ವರ ಇತ್ತು. ಏನೋ ಕನಸು ಕಂಡವ್ಳೆ," ಎಂದು ಮುಂದಿನ ಎಲೆಗೆ ಹೋದರು.

ಅಪ್ಪನ ಮಾತಿಗಿಂತ ಅಮ್ಮನ ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಇಷ್ಟು ಸ್ಪಷ್ಟವಾಗಿ ನೆನಪಿರುವುದೇ ಕನಸಾದರೆ ನನಗೆ ನೆನಪಿರುವ ಉಳಿದದ್ದೆಲ್ಲ ಏನು? ಅವತ್ತಿನಿಂದ ಬರೆದಿಡಲು ಶುರು ಮಾಡಿದೆ. ಬರೆಯದೇ ಇರುವುದನ್ನು ನಂಬುವುದು ಬಿಟ್ಟೆ.

ಇನ್ನು ಕ್ಯಾಮೆರಾದ ವಿಷಯಕ್ಕೆ ಬರುತ್ತೇನೆ. ಡಿಗ್ರಿಯಲ್ಲಿ ನನ್ನ ಜೊತೆ ಓದಿದ ಇಮ್ರಾನ್ ನೆಲಮಂಗಲದಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ದೊಡ್ಡಬಳ್ಳಾಪುರದ ಆಚೆ ಇರುವ ಒಂದು ಸಣ್ಣ ಖಾಸಗಿ ಟ್ರ್ಯಾಕಿನಲ್ಲಿ ತಿಂಗಳಿಗೊಮ್ಮೆ 'ಟ್ರ್ಯಾಕ್ ಡೇ' ನಡೆಸುವವರಲ್ಲಿ ಅವನೂ ಒಬ್ಬ. ಅದು ಪಂದ್ಯವಲ್ಲ. ನಮ್ಮಂಥವರು ದಿನಾ ಓಡಿಸುವ ಕಾರನ್ನೇ ತಂದು, ಎದುರಿನಿಂದ ಲಾರಿ ಬರುವ ಭಯವಿಲ್ಲದೆ, ಹೆಲ್ಮೆಟ್ ಹಾಕಿಕೊಂಡು ಮನಸಾರೆ ಓಡಿಸಿ ಕಲಿಯುವ ದಿನ. ಅವನೇ ನನಗೆ ಇದರ ಹುಚ್ಚು ಹಿಡಿಸಿದ್ದು. ನಮ್ಮಿಬ್ಬರ ನಡುವೆ ಜಗಳವಿದ್ದದ್ದು ಮೂರನೇ ತಿರುವಿನ ಬಗ್ಗೆ.

"ಮೇಡಂ, ಅಲ್ಲಿ ಭಯಕ್ಕೆ ಆಕ್ಸಿಲರೇಟರಿಂದ ಕಾಲು ಎತ್ತಿಬಿಡ್ತೀರ ನೀವು."

"ಎತ್ತಲ್ಲ ಕಣೋ. ಒತ್ತಿಕೊಂಡೇ ಇರ್ತೀನಿ. ಚೆನ್ನಾಗಿ ನೆನಪಿದೆ ನಂಗೆ."

"ನೆನಪು ಬಿಡಿ ಗುರು. ಆಕರ ಎಲ್ಲಿ?"

ನನ್ನ ಮಾತನ್ನೇ ನನಗೆ ತಿರುಗಿಸಿದ. ಮಾರನೆಯ ದಿನವೇ ಕ್ಯಾಮೆರಾ ಕೊಳ್ಳಲು ಅವನ ಅಂಗಡಿಗೆ ಹೋದೆ.

ಅವನು ಗಾಜಿನ ಮೇಜಿನ ಮೇಲೆ ಮೂರು ಕ್ಯಾಮೆರಾ ಇಟ್ಟ. ಮೊದಲನೆಯದು ಮುಂದಿನ ಗಾಜಿಗೆ ರಬ್ಬರ್ ಬಟ್ಟಲಿನಿಂದ ಅಂಟುವಂಥದ್ದು. "ಮಧ್ಯಾಹ್ನದ ಬಿಸಿಲಿಗೆ ಬಟ್ಟಲು ಸಡಿಲ ಆಗಿ ತೊಡೆ ಮೇಲೆ ಬೀಳುತ್ತೆ. ನನ್ನ ತೊಡೆ ಮೇಲೆ ಬಿದ್ದಿದೆ," ಎಂದ. ಎರಡನೆಯದು ತುಂಬಾ ಅಗಲವಾಗಿ ತೋರಿಸುತ್ತಿತ್ತು. ಚಿತ್ರ ಚೆನ್ನಾಗಿದ್ದರೂ ಎಂಥ ತಿರುವೂ ಅದರಲ್ಲಿ ನೇರ ರಸ್ತೆಯ ಹಾಗೆ ಕಾಣುತ್ತಿತ್ತು. ಮೂರನೆಯದು ನೋಡಲು ಬೆಂಕಿಪೊಟ್ಟಣದಷ್ಟು ಸಾಧಾರಣ. ಮುಂದಿನ ಎರಡು ಸೀಟುಗಳ ನಡುವೆ, ಹೆಡ್‌ರೆಸ್ಟಿನ ಕಂಬಿಗೆ ಕಚ್ಚಿಸುವಂಥದ್ದು. ಓಡಿಸುವವರ ಕೈ, ಸ್ಟೇರಿಂಗ್, ಮುಂದಿನ ರಸ್ತೆ, ಮೂರನ್ನೂ ತೋರಿಸುತ್ತಿತ್ತು. ಜೊತೆಗೆ ಗಾಳಿ ಹೊಡೆಯದ ಕಡೆ ಸಿಕ್ಕಿಸಲು ಒಂದು ಪುಟ್ಟ ಮೈಕು ಇತ್ತು.

"ಕಾಲು ಕಾಣಲ್ವಲ್ಲೋ ಇದ್ರಲ್ಲಿ?"

"ಕಾಲು ಯಾಕೆ ಬೇಕು? ಕಾಲು ಎತ್ತಿದ್ರೆ ಇಂಜಿನ್ನೇ ಬಾಯಿ ಬಿಡುತ್ತೆ. ಚಿತ್ರ ಎಲ್ಲದ್ರಲ್ಲೂ ಬರುತ್ತೆ ಮೇಡಂ. ನೀವು ಶಬ್ದ ನೋಡಿ ತಗೊಳ್ಳಿ."

ಅದನ್ನೇ ತೆಗೆದುಕೊಂಡೆ. ಅವನು ಹೇಳಿದ್ದಕ್ಕೆ ಆಮೇಲೆ ಎಷ್ಟು ಬೆಲೆ ಬರುತ್ತದೆಂದು ಅವನಿಗೂ ಗೊತ್ತಿರಲಿಲ್ಲ.

ಆ ವಾರ ಅಪ್ಪ ಅಮ್ಮ ತ್ಯಾಮಗೊಂಡ್ಲಿನಿಂದ ಒಂದು ಚೀಲ ಅವರೆಕಾಯಿ ಹೊತ್ತು ನನ್ನ ಮನೆಗೆ ಬಂದಿದ್ದರು. ಮಗಳು ಏನು ಮಾಡುತ್ತಾಳೋ ನೋಡಬೇಕೆಂದು ಟ್ರ್ಯಾಕಿಗೂ ಹೊರಟರು. ಹೊರಡುವ ಮೊದಲು ಅಮ್ಮ ಬಿಡಬೇಕಲ್ಲ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು, ಬಾನೆಟ್ಟಿಗೆ ಅರಿಶಿನ ಕುಂಕುಮ, ಸ್ಟೇರಿಂಗಿಗೆ ಒಂದು ಬೊಟ್ಟು, ಎಲ್ಲಾ ಆಯಿತು. ನಾನು ನೀರಿನ ಬಾಟಲಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಹೊಸ ಕ್ಯಾಮೆರಾಕ್ಕೂ ಪೂಜೆ ಮುಗಿದಿತ್ತು. ಲೆನ್ಸಿನ ಮಧ್ಯಕ್ಕೆ ಸರಿಯಾಗಿ, ನೀರಲ್ಲಿ ಕಲಸಿದ ಕುಂಕುಮದ ದುಂಡನೆಯ ಬೊಟ್ಟು!

"ಅಯ್ಯೋ ಅಮ್ಮಾ! ಅದರ ಕಣ್ಣಿಗೇ ಇಟ್ಟಿದ್ದೀಯಲ್ಲ!"

"ಮತ್ತೆಲ್ಲಿ ಇಡ್ಲೇ? ಅದಕ್ಕೆ ಹಣೆ ಎಲ್ಲೈತೆ?"

"ಕಣ್ಣಿಗೆ ಇಟ್ರೆ ಅದಕ್ಕೇನೂ ಕಾಣಲ್ಲಮ್ಮ. ಬರೀ ಕೆಂಪು ಬರುತ್ತೆ."

"ಹಂಗಾ?" ಎಂದರು ಅಮ್ಮ. ಅಷ್ಟೇ. ನಾನು ಕರ್ಚೀಫಿಗೆ ನೀರು ಹಾಕಿ ಒರೆಸಿದೆ. ಸ್ವಚ್ಛವಾಗಿ ಒರೆಸಿದೆ ಎಂಬುದು ನನ್ನ ನೆನಪಷ್ಟೇ ಅಲ್ಲ. ಬೆಳಗಿನ ಚಿತ್ರಗಳು ತಿಳಿನೀರಿನ ಹಾಗೆ ಬಂದಿವೆ.

ಬೆಳಗಿನ ಓಟ ಮುಗಿಸಿ ಮರದ ಕೆಳಗೆ ಕೂತು ಫೋನಿನಲ್ಲಿ ನೋಡಿದೆವು. ಮೂರನೇ ತಿರುವು ಬಂತು. ಇಂಜಿನ್ನಿನ ದನಿ ಥಟ್ಟನೆ ಕುಗ್ಗಿ ಮತ್ತೆ ಏರಿತು. ಇಮ್ರಾನ್ ಕಿವಿ ಮುಟ್ಟಿ ತೋರಿಸಿದ. ಎಲ್ಲ ಸುತ್ತಿನಲ್ಲೂ ಅದೇ ಕಥೆ. ನಾನು ಪ್ರತಿ ಸಲವೂ ಕಾಲು ಎತ್ತಿದ್ದೆ. ಎತ್ತಿಲ್ಲ ಎಂದು ಇಷ್ಟು ದಿನ ಮನಸಾರೆ ನಂಬಿದ್ದೆ. ತಮಾಷೆಗೆ ನಕ್ಕೆ. ಆದರೂ ಬೆಳಿಗ್ಗೆಯದೇ ಮಧ್ಯಾಹ್ನಕ್ಕೆ ಸರಿಯಾಗಿ ನೆನಪಿಲ್ಲದವಳಿಗೆ ಆರನೇ ವಯಸ್ಸಿನ ಹಸಿರು ಬಳೆ ಎಲ್ಲಿಂದ ನೆನಪಿರಬೇಕು? ಅಮ್ಮ ಹೇಳಿದ ಹಾಗೆ ಅದು ಜ್ವರದ ಕನಸೇ ಇರಬೇಕು ಅನ್ನಿಸಿತು.

ಅಮ್ಮ ಚಿತ್ರಾನ್ನದ ಡಬ್ಬಿ ಬಿಚ್ಚಿದರು. ಪಕ್ಕದ ಕಾರುಗಳ ಹುಡುಗರು ಸುತ್ತ ಸೇರಿದರು. ಅಷ್ಟು ಜನ ಸಿಕ್ಕ ಮೇಲೆ ಅಪ್ಪ ಸುಮ್ಮನಿರುತ್ತಾರೆಯೇ?

"ಏನಪ್ಪಾ, ಈ ರಸ್ತೆ ಒಂದು ರಸ್ತೆನಾ? ಕನ್ನಡಿ ಥರ ಐತೆ. ಅವತ್ತು ನಾನು ಟ್ರ್ಯಾಕ್ಟರ್ ಓಡಿಸಿದ್ದು ನೋಡ್ಬೇಕಿತ್ತು ನೀವು. ಹಿಂದೆ ಟ್ರೇಲರಲ್ಲಿ ನಮ್ಮವ್ವ. ಗುಂಡಿ ಅಂದ್ರೆ ಆಳುದ್ದ ಗುಂಡಿ..."

ಕಥೆ ಅರ್ಧಕ್ಕೆ ಬಂದಿತ್ತು. ಆಗ ಇಮ್ರಾನ್, ಊಟದ ಬಿಡುವಿನಲ್ಲಿ ಮನೆಯವರಿಗೆ ನಿಧಾನದ ಸುತ್ತು ಇದೆ ಎಂದು ಕೂಗಿದ. ಅವನ ಕಾರಿನ ಹಿಂದೆ, ನಲವತ್ತು ದಾಟದ ಹಾಗೆ ಓಡಿಸಬೇಕು. ಖಾಸಗಿ ಜಾಗವಾದ್ದರಿಂದ ಲೈಸೆನ್ಸ್ ಕೇಳುವುದಿಲ್ಲ. ಪಕ್ಕದಲ್ಲಿ ಓಡಿಸಲು ಬರುವವರು ಇದ್ದರೆ ಸಾಕು. "ಅಂಕಲ್, ಬನ್ನಿ. ನಿಮ್ಮ ಕೈಚಳಕ ತೋರ್ಸಿ."

"ಮಂಡಿನೋವು ಕಣಪ್ಪ," ಎಂದರು ಅಪ್ಪ.

"ನಾನು ಬರ್ತೀನಿ," ಎಂದರು ಅಮ್ಮ.

ಅಮ್ಮ ಪಕ್ಕದ ಸೀಟಿನಲ್ಲಿ ಕೂರುತ್ತಾರೆಂದು ಆ ಕಡೆಯ ಬಾಗಿಲು ತೆಗೆದೆ. ಅವರು ಇನ್ನೊಂದು ಕಡೆಗೆ ಹೋದರು. ದೇವಸ್ಥಾನದ ಹೊರಗೆ ಬಿಡುವ ಹಾಗೆ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟೇರಿಂಗ್ ಮುಂದೆ ಕೂತರು.

"ಲೇ, ನೀನೆಲ್ಲಿಗೆ ಹೊಂಟೆ?" ಎಂದರು ಅಪ್ಪ.

"ಇಲ್ಲೇ. ಒಂದು ಸುತ್ತು. ಹಿಡ್ಕೊಳ್ಳಿ ಇದನ್ನ." ಹೆಲ್ಮೆಟ್ಟಿಗೆ ಅಡ್ಡ ಬರುತ್ತದೆಂದು ಮುಡಿಯ ಮಲ್ಲಿಗೆ ದಂಡೆ ತೆಗೆದು ಅಪ್ಪನ ಕೈಗೆ ಕೊಟ್ಟರು. ಅಷ್ಟು ಹುಡುಗರ ಮುಂದೆ ಅಪ್ಪ ಹೂವು ಹಿಡಿದು ನಿಂತುಬಿಟ್ಟರು.

ನಾನು ಪಕ್ಕದಲ್ಲಿ ಕೂತು ನನ್ನ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದೆ. ಅಮ್ಮ ಚೀಲದಿಂದ ಕುಂಕುಮದ ಡಬ್ಬಿ ತೆಗೆದದ್ದು ಕಂಡಿತು. ಬೆರಳನ್ನು ನೀರಿನ ಬಾಟಲಿಗೆ ಅದ್ದಿದರು. ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡರು. ಕೈ ಹಿಂದಕ್ಕೂ ಹೋಯಿತು ಅನ್ನಿಸುತ್ತದೆ. ನಾನು ತಲೆ ತಗ್ಗಿಸಿದ್ದೆ, ಪಟ್ಟಿ ಸಿಗುತ್ತಿರಲಿಲ್ಲ.

ಆಮೇಲೆ ಅಮ್ಮ ಕ್ಲಚ್ ಒತ್ತಿದರು. ಗೇರಿನ ಗುಂಡನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ನೋಡಿದರು. ಸ್ಟಾರ್ಟ್ ಮಾಡುವ ಮೊದಲು ಗೇರು ಬಿಡಿಸಿದೆಯೇ ಎಂದು ಹೀಗೆ ನೋಡಬೇಕೆಂದು ನಾನು ಹೇಳಿಕೊಟ್ಟಿರಲಿಲ್ಲ. ಕಾರು ಒಮ್ಮೆಯೂ ಜಗ್ಗದೆ ಹೊರಟಿತು. ನನ್ನ ಕೈ ಹ್ಯಾಂಡ್‌ಬ್ರೇಕಿನ ಮೇಲಿತ್ತು. ಎರಡನೇ ತಿರುವು ದಾಟುವಷ್ಟರಲ್ಲಿ ನಾಚಿಕೆಯಾಗಿ ಕೈ ತೆಗೆದೆ.

ಮೂರನೇ ತಿರುವಿನಲ್ಲಿ ಅಮ್ಮ ನಾನು ಎಂದೂ ಮಾಡದ ಒಂದು ಕೆಲಸ ಮಾಡಿದರು. ತಿರುವಿನ ಒಳಗಂಚಿಗೆ ಹೋಗದೆ ದೂರಕ್ಕೆ ಹೊರಗೆ ಎಳೆದುಕೊಂಡು ತಿರುಗಿಸಿದರು. ತಿರುಗಿಸುವಾಗ ಒಮ್ಮೆ ಭುಜದ ಮೇಲಿಂದ ಹಿಂದಕ್ಕೆ ನೋಡಿದರು. ಏನೋ ಹೇಳಿದರು ಕೂಡ. ಹೆಲ್ಮೆಟ್ಟಿನೊಳಗೆ ನನಗೆ ಸರಿಯಾಗಿ ಕೇಳಿಸಲಿಲ್ಲ.

ಸುತ್ತು ಮುಗಿಸಿ ಇಳಿದಾಗ ಹುಡುಗರು ಚಪ್ಪಾಳೆ ತಟ್ಟಿ "ಸೂಪರ್ ಆಂಟಿ!" ಎಂದು ಕೂಗಿದರು. ಕನ್ನಡಿಯಲ್ಲಿ ನೋಡುತ್ತಾ ಬಂದಿದ್ದ ಇಮ್ರಾನ್ ನನ್ನ ಹತ್ತಿರ ಬಂದ. "ಮೇಡಂ, ನಿಮ್ಮಮ್ಮ ತಿರುವಲ್ಲಿ ಅಷ್ಟು ಅಗಲಕ್ಕೆ ಯಾಕೆ ಹೋದ್ರು? ಟ್ರೇಲರ್ ಕಟ್ಕೊಂಡು ಓಡ್ಸೋರು ಹಂಗೆ ಹೋಗೋದು. ಇಲ್ಲಾಂದ್ರೆ ಹಿಂದಿನ ಚಕ್ರ ಒಳಗಡೆ ಮೋರಿಗೆ ಇಳಿಯುತ್ತೆ."

ಅಪ್ಪ ಹೂವು ವಾಪಸು ಕೊಟ್ಟರು. "ಪರ್ವಾಗಿಲ್ವೇ," ಎಂದರು. ಒಬ್ಬ ಹುಡುಗ, "ಅಂಕಲ್, ಟ್ರ್ಯಾಕ್ಟರ್ ಕಥೆ ಅರ್ಧಕ್ಕೆ ನಿಂತಿತ್ತು. ಆಮೇಲೇನಾಯ್ತು?" ಎಂದು ಕೇಳಿದ.

"ಆಮೇಲೇನು? ಆಸ್ಪತ್ರೆ ಸಿಕ್ತು," ಎಂದು ಅಪ್ಪ ಚಿತ್ರಾನ್ನದ ತಟ್ಟೆ ಕೈಗೆತ್ತಿಕೊಂಡರು. ಆ ಕಥೆ ಅಷ್ಟು ಬೇಗ ಮುಗಿದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸಂಜೆ ಮನೆಗೆ ಬಂದವಳೇ ಕಂಪ್ಯೂಟರಿಗೆ ಕಾರ್ಡು ಹಾಕಿದೆ. ಅಮ್ಮನ ಕೈಗಳನ್ನು ನೋಡಬೇಕಿತ್ತು. ಆರನೇ ವಯಸ್ಸಿನಲ್ಲಿ ನಾನು ಕಂಡ ಕೈಗಳನ್ನು ಈ ಸಲ ಯಾರೂ ಜ್ವರದ ಕನಸು ಎನ್ನಲಾಗದ ಹಾಗೆ ನೋಡಬೇಕಿತ್ತು. ಆದರೆ ಆ ಒಂದು ಸುತ್ತಿನ ಚಿತ್ರ ಪೂರ್ತಿ ಕೆಂಪು. ಅಂಚಿನಲ್ಲಿ ಒಂದಿಷ್ಟು ಆಕಾಶ, ಒಂದಿಷ್ಟು ಸೀಟಿನ ಬಟ್ಟೆ. ನಡುವೆ ಕುಂಕುಮದ ಮಬ್ಬು.

ಅಳು ಬರುವ ಹಾಗಾಯಿತು. ಕಿಟಕಿ ಮುಚ್ಚುವ ಹಾಗೆ ಚಿತ್ರ ಮುಚ್ಚಬೇಕೆಂದಿದ್ದೆ, ಆದರೆ ಶಬ್ದ ಓಡುತ್ತಲೇ ಇತ್ತು. ಇಮ್ರಾನ್ ಆರಿಸಿಕೊಟ್ಟ ಮೈಕು ತನ್ನ ಕೆಲಸ ಮಾಡಿತ್ತು. ಬಳೆ ಸ್ಟೇರಿಂಗಿಗೆ ತಾಗುವ ಸದ್ದು. ಇಂಜಿನ್ನಿನ ದನಿ ಒಂದೇ ಸಮನೆ ಏರುತ್ತಾ ಹೋಗುವುದು. ಮೂರನೇ ತಿರುವು ಬಂತು. ದನಿ ಕುಗ್ಗಲಿಲ್ಲ. ನಲವತ್ತರ ವೇಗದಲ್ಲಿ ಕಾಲು ಎತ್ತುವ ಅಗತ್ಯವೂ ಇರಲಿಲ್ಲ, ನಿಜ. ಅಲ್ಲಿ ಅಮ್ಮ ತಮಗೆ ತಾವೇ ಹೇಳಿಕೊಳ್ಳುವ ಹಾಗೆ ಅಂದದ್ದು ಇದು: "ಹಿಂದೆ ಟ್ರೇಲರ್ ಇಲ್ದಿದ್ರೆ ಎಷ್ಟು ಹಗುರ ಐತೆ!"

ಮೇಲೆ ಹೇಳಿದ, ಮೂರು ಸಲ ಕೇಳಿ ಬರೆದ ಮಾತು ಇದೇ.

ಅವತ್ತು ನನಗಾದ ಸಮಾಧಾನವನ್ನು ಹೇಗೆ ಹೇಳಲಿ? ಯಾರನ್ನೋ ಗೆದ್ದ ಖುಷಿ ಇರಲಿಲ್ಲ. ನನ್ನ ಆರು ವರ್ಷದ ಕಣ್ಣುಗಳನ್ನು ಯಾರೋ ನನಗೆ ಒರೆಸಿ ವಾಪಸು ಕೊಟ್ಟ ಹಾಗಿತ್ತು. ಆ ಶಬ್ದವನ್ನು ಎರಡು ಕಡೆ ಕಾಪಿ ಮಾಡಿ ಇಟ್ಟಿದ್ದೇನೆ. ಅಪ್ಪನಿಗೆ ಅದನ್ನು ಕೇಳಿಸಿಲ್ಲ. ಕೇಳಿಸುವುದೂ ಇಲ್ಲ. ಆಮೇಲೆ ಬಂದ ಒಂದು ಮದುವೆಯಲ್ಲಿ ಅಪ್ಪ ಮತ್ತೆ ಕಥೆ ಶುರು ಮಾಡಿದಾಗ ನಾನೂ ಎಲ್ಲರ ಜೊತೆ ತಲೆದೂಗಿದೆ. ಗುಂಡಿಗಳು ಮಾತ್ರ ಸ್ವಲ್ಪ ಕಡಿಮೆಯಾಗಿದ್ದವು.

ಟ್ರ್ಯಾಕಿಗೆ ಹೋಗಿ ಬಂದ ಮಾರನೆಯ ಬೆಳಿಗ್ಗೆ ಅಡುಗೆಮನೆಯಲ್ಲಿ ಅಮ್ಮ ನೆನೆಸಿದ ಅವರೆಕಾಳನ್ನು ಹಿಸುಕಿ ಸಿಪ್ಪೆ ತೆಗೆಯುತ್ತಿದ್ದರು. ನಾನೂ ಎದುರಿಗೆ ಕೂತೆ. ಟ್ರ್ಯಾಕ್ಟರ್ ಬಗ್ಗೆ ಏನೂ ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ. ಬೇರೆ ಒಂದೇ ಒಂದು ಮಾತು ಕೇಳಿದೆ. ಅಮ್ಮನ ಬೆರಳು ಒಂದು ಗಳಿಗೆ ನಿಂತಿತು. ನಂತರ ಇನ್ನೊಂದು ಕಾಳು ಪುಳಕ್ಕನೆ ಬಟ್ಟಲಿಗೆ ಹಾರಿತು. ಇವತ್ತಿನವರೆಗೂ ಉತ್ತರ ಬಂದಿಲ್ಲ.

"ಅಮ್ಮಾ, ಕಣ್ಣಿಗೆ ಕುಂಕುಮ ಇಟ್ರೆ ಕ್ಯಾಮೆರಾಗೆ ಏನೂ ಕಾಣಲ್ಲ ಅಂತ ನಿನ್ನೆ ಬೆಳಿಗ್ಗೇನೇ ಹೇಳಿದ್ನಲ್ಲ. ಮಧ್ಯಾಹ್ನ ಮತ್ತೆ ಅಲ್ಲಿಗೇ ಯಾಕಮ್ಮ ಇಟ್ಟೆ?"