ಉಡಿ ತುಂಬಿದ ಮೇಲೆ

ಹೋದ ವಾರ ದೇವದುರ್ಗದ ಬಸ್ಸಿನಲ್ಲಿ, ಕಲ್ಮಲ ದಾಟುವ ಹೊತ್ತಿಗೆ, ನಾನು ಅಳುತ್ತಿದ್ದೆ.

ಪಕ್ಕದ ಸೀಟಿನ ಹಿರಿಯರು ಗಾಬರಿಯಾದರು. "ಯಾರರ ತೀರಿಕೊಂಡಾರೇನ್ರಿ?"

"ಇಲ್ರಿ. ಕಾದಂಬರಿ ಓದಾಕತ್ತೀನಿ."

"ಅಳೂ ಬರ್ತಿದ್ರ ಮುಚ್ಚಿಡ್ರಲ್ಲ!"

ಮುಚ್ಚಿಡುವುದೇ? ಅಂಥ ಸೊಗಸಾದ ಕಾದಂಬರಿ! ಮೂವರು ಅಕ್ಕತಂಗಿಯರು. ಹಿರಿಯವಳ ಗಂಡ ಅವಳೊಂದಿಗೆ ಮಾತು ಬಿಟ್ಟಿದ್ದಾನೆ. ತವರಿಗೆ ಬಂದಾಗಲೆಲ್ಲ ಮನೆಯವರು ಬುದ್ಧಿ ಹೇಳಿ ವಾಪಸ್ ಕಳಿಸುತ್ತಾರೆ. ಎಂಥ ಕಟುಕರು! (ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಹಾಗೆಂದೇ ಬರೆದೆ.)

ದೇವದುರ್ಗದಲ್ಲಿರುವುದು ನನ್ನ ಅಕ್ಕ. ಅವಳ ಮಗಳು ರೇಣುಕಾ ಮಾನ್ವಿಯ ಗಂಡನ ಮನೆಯಿಂದ ಬಂದು ಇಪ್ಪತ್ತು ದಿನ. ಗಂಡ ಹೊಡೆಯುವುದಿಲ್ಲ, ಕುಡಿಯುವುದಿಲ್ಲ. ಆರು ತಿಂಗಳಿಂದ ಅವಳೊಂದಿಗೆ ಮಾತಾಡಿಯೂ ಇಲ್ಲ. ಅಕ್ಕನ ಪ್ರಕಾರ ಇದು ತಕರಾರೇ ಅಲ್ಲ. "ಮಾತೇ ಇಲ್ಲಂದ್ರ ಜಗಳರ ಎಲ್ಲಿಂದ ಬರ್ತದ ಹೇಳು?"

ಹುಡುಗಿಯನ್ನು ಬಿಟ್ಟು ಬರಲು ಸೋದರಮಾವ ಬೇಕಿತ್ತು. ನನ್ನನ್ನು ಕರೆಸಿದ್ದೇ ಅದಕ್ಕೆ. ಅಕ್ಕ ಅವಳನ್ನು ಕೂರಿಸಿ ಉಡಿ ತುಂಬಿದಳು: ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ. ನಮ್ಮ ಕಡೆ ಉಡಿ ತುಂಬಿದ ಮೇಲೆ ಚರ್ಚೆ ಇಲ್ಲ. ಸೆರಗಿನ ತುಂಬ ಅಕ್ಕಿ ಹಿಡಿದುಕೊಂಡು ಯಾರು ತಾನೇ ವಾದಿಸಿಯಾರು?

ಮಾನ್ವಿ ಬಸ್ಸಿನಲ್ಲಿ ಸುಮ್ಮನಿರಲಾರದೆ ಕಾದಂಬರಿಯನ್ನು ಹೊಗಳಿದೆ. ರೇಣುಕಾ ಕಥೆಯನ್ನು ಪೂರ್ತಿ ಕೇಳಿಸಿಕೊಂಡಳು.

"ಮಾಮಾ, ಆಕಿಗೆ ಸೋದರಮಾವ ಅದಾನೇನು?"

"ಇಲ್ಲವ್ವಾ."

"ಪುಣ್ಯವಂತಿ ಬಿಡ್ರಿ."

ನಕ್ಕೆ. ಚೆನ್ನಾಗಿದೆ ಎನಿಸಿ, ಅಂಕಣಕ್ಕಿರಲಿ ಎಂದು ಮೊಬೈಲಿನಲ್ಲಿ ಟೈಪ್ ಕೂಡ ಮಾಡಿಕೊಂಡೆ. ಅವಳನ್ನು ಬಿಟ್ಟು, ಬೀಗರ ಮನೆಯಲ್ಲಿ ಚಹಾ ಕುಡಿದು, ರಾಯಚೂರಿನ ಬಸ್ ಹತ್ತಿದೆ. ಕೊನೆಯ ಅಧ್ಯಾಯದಲ್ಲಿ ನಾಯಕಿ ಗಂಡನ ಮನೆಯ ಹೊಸ್ತಿಲವರೆಗೆ ಬಂದು, ತಿರುಗಿ ಹೊರಟೇಬಿಡುತ್ತಾಳೆ. ಭಲೇ ಹೆಣ್ಣು! ಸೀಟಿನಿಂದ ಎದ್ದು ನಿಲ್ಲುವಷ್ಟು ಖುಷಿಯಾಯಿತು.

ಈ ಬರಹವನ್ನು 'ರೇಣುಕಾ ಒಪ್ಪಿಯೇ ಹೋದಳು' ಎಂದು ಮುಗಿಸುವವನಿದ್ದೆ. "ಹ್ಞೂಂ ಮಾಮಾ, ನಡೀರಿ" ಎಂದ ಅವಳ ದನಿ ಕಿವಿಯಲ್ಲಿ ಇನ್ನೂ ಸ್ಪಷ್ಟವಾಗಿದೆ. ಆದರೆ ನನ್ನ ನೆನಪು ನನಗೆ ಅನುಕೂಲವಾದದ್ದನ್ನೇ ಉಳಿಸಿಕೊಳ್ಳುವ ಜಾತಿಯದು. ಅಕ್ಕನಿಗೆ ಫೋನ್ ಮಾಡಿ ಕೇಳಿದೆ.

"ಆಕಿ ಎಲ್ಲಿ ಅಂದ್ಳೋ ತಮ್ಮಾ? ಉಡಿ ಹಿಡಕೊಂಡು ತೆಲಿ ಕೆಳಗ ಹಾಕಿದ್ಳು. ಹ್ಞೂಂ ನಡಿ ಅಂದಾಂವ ನೀನಲ್ಲೇನು?"

ನಿಮ್ಮ ಮನೆಯ ಹೆಣ್ಣುಮಕ್ಕಳೂ ಒಪ್ಪಿಯೇ ಹೋದರಲ್ಲವೇ?